ಪೇಢೆ ಹಂಚಿದ ದಿನ ಅಪ್ಪ ಕೇಳಿದ ಮಾತು

ಗಾಳಿಗುಡ್ಡ, ಗದಗ ಸೀಮೆ
ಉರಿಮಾಸದ ಮೂವತ್ತಾರನೇ ದಿನ, 2187

ನಿಮ್ಮ ಕಾಲದ ಹೆಣ್ಣುಮಕ್ಕಳ ತಂದೆಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದನ್ನೇ ಮರೆತಾಗ ನಮ್ಮ ಹಿರಿಯರು ಕ್ಯಾಲೆಂಡರಿಗೆ ಇನ್ನೊಂದು ತಿಂಗಳು ಸೇರಿಸಿದರು. ಅದೇ ಉರಿಮಾಸ, ಮೂವತ್ತು ದಿನಕ್ಕೆ ನಿಲ್ಲದೆ ಸೆಕೆ ಇಳಿಯುವವರೆಗೂ ನಡೆಯುತ್ತದೆ. ನನ್ನ ಕನ್ನಡದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಬಂದಾವು, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಚೆಂದ ಮಾಡಿ ಬರೆಯುವಷ್ಟು ತ್ರಾಣ ಉಳಿದಿಲ್ಲ.

ನಾನು ನೀಲಗಂಗಾ, ಏರಾಳು. ಗಾಳಿಯಿಂದ ಕರೆಂಟು ತೆಗೆಯುವ ಗೋಪುರಗಳನ್ನು ಹತ್ತಿ, ರೆಕ್ಕೆಗಳ ಬಿರುಕು ಮುಚ್ಚುವವರನ್ನು ಹಾಗೆ ಕರೆಯುತ್ತೇವೆ. ಈ ಕೆಲಸಕ್ಕೆ ಯಂತ್ರಗಳೂ ಇವೆ. ಆದರೆ ಕೆಂಧೂಳು ಎದ್ದರೆ ಅವು ಕುರುಡಾಗಿ ನಿಂತುಬಿಡುತ್ತವೆ, ಆಗ ಮನುಷ್ಯರೇ ಬೇಕು. ನಸುಕಿನಲ್ಲಿ ಹತ್ತಿ, ಬಿಸಿಲು ಬಲಿಯುವುದರೊಳಗೆ ಇಳಿಯುತ್ತೇವೆ. ಮೈಮೇಲೆ ತಣುಪಂಗಿ ಇರುತ್ತದೆ, ಅಂದರೆ ಒಳಪದರದಲ್ಲಿ ತಣ್ಣೀರು ಹರಿಯುವ ದಪ್ಪ ಅಂಗಿ. ನನ್ನ ಹರೆಯದಲ್ಲಿ ಅದನ್ನು ಗಂಡಸರ ಅಳತೆಗೆ ಮಾತ್ರ ಹೊಲಿಯುತ್ತಿದ್ದರು. ಭುಜದಲ್ಲಿ ಜೋಲುತ್ತಿತ್ತು, ಸೊಂಟದಲ್ಲಿ ಬಿಗಿಯುತ್ತಿತ್ತು. ಈಗಲೂ ಹಾಗೆಯೇ ಹೊಲಿಯುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ನನ್ನ ಅಪ್ಪ ಫಕೀರಪ್ಪ ಈ ಗುಡ್ಡದ ಮೆಸ್ಸಿನಲ್ಲಿ ಅಡುಗೆಯವನಾಗಿದ್ದ. ಅವ್ವ ಇರಲಿಲ್ಲ. ಹಾಗಾಗಿ ಶಾಲೆ ಮುಗಿಸಿ ಬಂದು ಅಲ್ಲೇ ಕೂರುತ್ತಿದ್ದೆ, ಏರಾಳುಗಳು ಹಗ್ಗ ಬಿಗಿಯುವುದನ್ನು ನೋಡುತ್ತಲೇ ಬೆಳೆದೆ. ನಾನೂ ತರಬೇತಿಗೆ ಹೋಗುತ್ತೇನೆ ಎಂದಾಗ ಅಪ್ಪ ಬೇಡ ಎನ್ನಲಿಲ್ಲ, ದೊಡ್ಡ ಮಾತೂ ಆಡಲಿಲ್ಲ. "ಹೊಟ್ಟಿ ತುಂಬ ಉಂಡು ಹೋಗವಾ," ಎಂದ.

ಪಾಸಾಗಿ ಬಂದೆ. ಮೇಲ್ವಿಚಾರಕರಾಗಿದ್ದ ಇಂದೂಧರ ಸಾಹೇಬರು ನನ್ನನ್ನು ಗೋಪುರದ ಬುಡದಲ್ಲೇ ನಿಲ್ಲಿಸಿದರು. ಹಗ್ಗ ಸುತ್ತುವುದು, ಧೂಳು ಒರೆಸುವುದು, ಇಳಿದವರಿಗೆ ನೀರು ಕೊಡುವುದು. ಮಳೆಗಾಲ ಬಂದು ಹೋಯಿತು. ನನ್ನ ಜೊತೆ ಕಲಿತ ಗಂಡಸರೆಲ್ಲ ಹತ್ತಿದರು. ಕೇಳಿದರೆ ಸಾಹೇಬರು ಅಕ್ಕರೆಯಿಂದಲೇ ಹೇಳುತ್ತಿದ್ದರು, "ನೀ ನನ್ನ ಮಗಳಿದ್ದಂಗ. ನಿನಗ ಏನರ ಆದ್ರ ನಿಮ್ಮಪ್ಪಗ ಏನಂತ ಹೇಳ್ಲಿ?"

ಅವರಿಗೆ ನಿಜಕ್ಕೂ ಒಬ್ಬಳು ಮಗಳಿದ್ದಳು. ಒಂದು ಬೆಳಿಗ್ಗೆ ಪೇಢೆಯ ಡಬ್ಬಿ ಹಿಡಿದು ಮೆಸ್ಸಿಗೆ ಬಂದರು. ಮಗಳು ಹಡಗಿನ ಇಂಜಿನಿಯರಾಗಿ ಸೇರಿದ್ದಳು. ಚಿಕ್ಕಂದಿನಲ್ಲೇ ಅವಳ ಕೈಗೆ ನಟ್ಟು ಬಿಗಿಯುವ ಪಾನಾ ಕೊಟ್ಟು ಬೆಳೆಸಿದ್ದನ್ನು, ನೆಂಟರೆಲ್ಲ ಬೇಡವೆಂದರೂ ಓದಿಸಿದ್ದನ್ನು ಹೇಳುತ್ತ ಅವರ ಕಣ್ಣು ಒದ್ದೆಯಾದವು. ಅದರಲ್ಲಿ ಸುಳ್ಳಿರಲಿಲ್ಲ. ಅಂಥ ತಂದೆಯರನ್ನು ನಾನು ಕಂಡದ್ದು ಕಡಿಮೆ.

ಅಪ್ಪ ಪೇಢೆ ತೆಗೆದುಕೊಂಡ, ಬಾಯಿಗೆ ಹಾಕಲಿಲ್ಲ.

"ಭಾಳ ಸಂತೋಷ ಆತ್ರೀ ಸಾಹೇಬ್ರ," ಎಂದ. "ಆ ಹಡಗಿನ್ಯಾಗೂ ಒಬ್ರು ಸಾಹೇಬ್ರು ಇರ್ತಾರಲ್ರೀ. ನೀ ನನ್ನ ಮಗಳಿದ್ದಂಗ ಅಂತ ಹೇಳಿ ಆಕೀನ್ನ ಸಮುದ್ರದ ದಂಡಿಮ್ಯಾಲೇ ಕುಂದ್ರಿಸಿದ್ರ ಏನ್ ಮಾಡ್ತೀರಿ?"

"ನೀ ರೊಟ್ಟಿ ಬಡಿಯೋದು ನೋಡ್ಕೋ ಫಕೀರಪ್ಪ," ಎಂದು ಸಾಹೇಬರು ಡಬ್ಬಿ ಅಲ್ಲೇ ಬಿಟ್ಟು ಹೋದರು. ಆ ವಾರವೇ ಅಪ್ಪನನ್ನು ದೂರದ ಇನ್ನೊಂದು ಗುಡ್ಡಕ್ಕೆ ಹಾಕಿದರು. ಹಾಸಿಗೆ ಸುತ್ತುತ್ತಿದ್ದ ಅಪ್ಪನ ಮುಂದೆ ನಾನು ಅತ್ತುಬಿಟ್ಟೆ. "ಅಳಬ್ಯಾಡ. ಕೇಳೂದಿತ್ತು, ಕೇಳೇನಿ," ಎಂದ.

ಬಹಳ ದಿನ ಸಾಹೇಬರು ನನ್ನ ಮುಖ ನೋಡಲಿಲ್ಲ. ಆಮೇಲೊಂದು ನಸುಕಿನಲ್ಲಿ ಕೆಂಧೂಳು ಎದ್ದಿತ್ತು. ಅವರು ಹಗ್ಗವನ್ನು ನನ್ನ ಕೈಗಿಟ್ಟರು. ಅರ್ಧ ಹತ್ತಿದವಳು ನೆಲ ನೋಡಿಬಿಟ್ಟೆ, ಮುಂದೆ ಹತ್ತಲಾಗಲಿಲ್ಲ. ಕೆಳಗೆ ಯಾರೋ ನಕ್ಕರು. ಕಂಬಿಗೆ ಹಣೆ ಒತ್ತಿ ನಿಂತೆ, ಉಸಿರು ಹದಕ್ಕೆ ಬಂದ ಮೇಲೆ ಉಳಿದದ್ದನ್ನೂ ಹತ್ತಿದೆ. ಬಿರುಕು ಮುಚ್ಚಿ ಇಳಿದಾಗ ಸಾಹೇಬರು, "ನಾಳೆನೂ ಬಾ," ಎಂದರು. ಅಷ್ಟೇ. ಅಪ್ಪನನ್ನು ಮಾತ್ರ ವಾಪಸು ಕರೆಸಲಿಲ್ಲ.

ನಾನು ಹತ್ತುವುದನ್ನು ಅಪ್ಪ ಒಮ್ಮೆಯೂ ನೋಡಲಿಲ್ಲ. ರಜೆ ಹಾಕಿ ಬಾ ಎಂದು ಕರೆದರೆ, "ಬ್ಯಾಡವಾ, ನನಗ ಕೈಕಾಲು ನಡಗತಾವು. ಇಳದ ಮ್ಯಾಲೆ ಫೋನ್ ಮಾಡು," ಎನ್ನುತ್ತಿದ್ದ. ಕೊನೆಯವರೆಗೂ ದಿನಾ ಮಾಡಿದೆ.

ಈಗ ಈ ಗುಡ್ಡದ ಮೇಲ್ವಿಚಾರಕಿ ನಾನೇ. ನಿನ್ನೆ ಬಂದ ಹೊಸ ಅಧಿಕಾರಿ ನನ್ನನ್ನೇ ಕೇಳಿದ, "ಸಾಹೇಬ್ರು ಎಲ್ಲದಾರ?" ಸಿಟ್ಟು ಬರಲಿಲ್ಲ. ಬರುವುದು ನಿಂತು ವರ್ಷಗಳೇ ಆದವು. ನನ್ನ ಕೈಕೆಳಗೆ ಹೆಣ್ಣುಮಕ್ಕಳಿದ್ದಾರೆ. ಒಬ್ಬೊಬ್ಬಳನ್ನೂ ಯಾವನೋ ಒಬ್ಬ ತಂದೆ ಬೆನ್ನು ತಟ್ಟಿ ಕಳಿಸಿದ್ದಾನೆ. ಇಲ್ಲಿಗೆ ಬರುವ ಮೊದಲು ಒಬ್ಬೊಬ್ಬಳನ್ನೂ ಇನ್ನಾರೋ ತಂದೆ, ಒಳ್ಳೆಯವನೇ, ಎಲ್ಲೋ ಬದಿಗೆ ಕೂರಿಸಿದ್ದಾನೆ.

ಆದ್ದರಿಂದ ಕೇಳುತ್ತೇನೆ. ನಿಮ್ಮ ಮಗಳಿಗೆ ಧೈರ್ಯ ಹೇಳಿ, ಬೇಡವೆನ್ನುವುದಿಲ್ಲ. ಆದರೆ ನಾಳೆ ನೀವು ಕೆಲಸಕ್ಕೆ ಹೋದಲ್ಲಿ ಬೇರೆಯವರ ಮಗಳು ನಿಂತಿರುತ್ತಾಳೆ. ಅವಳನ್ನು ಮಗಳಂತೆ ನೋಡಿಕೊಳ್ಳಬೇಡಿ, ಅವಳ ಕೆಲಸ ಅವಳಿಗೆ ಕೊಡಿ. ನಿಮ್ಮ ಕಾಲದಲ್ಲೇ ಅದು ಆಗಿದ್ದರೆ ಇಷ್ಟು ತಲೆಮಾರು ಕಳೆದ ಮೇಲೆ ನಾನು ಇದನ್ನು ಬರೆಯುತ್ತ ಕೂರಬೇಕಿರಲಿಲ್ಲ.

ಗಾಳಿ ಏಳುತ್ತಿದೆ. ಹುಡುಗಿಯರು ಕಾಯುತ್ತಿದ್ದಾರೆ. ಬರುತ್ತೇನೆ.

ನೀಲಗಂಗಾ ಫಕೀರಪ್ಪ