ಮೊಹೋರನ ಮನೆಯ ಮೂರು ಲೋಟ

೧೩೮೨, ನವೆಂಬರ್ ೧೨
ಬೆಳಗಿನ ಪೂಜೆ ಮುಗಿಯಿತು. ವೈನ್ ಇವತ್ತೂ ಹುಳಿ. ಮಠದ್ದು, ಹೋದ ವರ್ಷದ್ದು. ಅದು ಖರ್ಚಾಗಲೆಂದು ಒಂದು ತಿಂಗಳು ಊರಲ್ಲಿ ಬೇರೆ ಯಾರೂ ವೈನ್ ಮಾರುವಂತಿಲ್ಲ. ಆ ಅಪ್ಪಣೆಯನ್ನು ಚರ್ಚಿನಲ್ಲಿ ಓದಿದವನು ನಾನೇ. ದ್ರಾಕ್ಷಿ ಬೆಳೆದವರು ಈ ಕಷಾಯ ಕೊಂಡು ಕುಡಿಯಬೇಕು!

ನವೆಂಬರ್ ೧೬
ಮೊಹೋರನ ಮಗಳು ಸ್ತಾನಾಳ ಮದುವೆ ಮಾಡಿಸಿದೆ. ಊಟಕ್ಕೆ ಮೊಹೋರ್ ತನ್ನ ತೋಟದ ಹೊಸ ವೈನ್ ಬಡಿಸಿದ. ಮೂರು ಲೋಟ ಕುಡಿದೆ. ಅಷ್ಟರಲ್ಲಿ ಮಠದ ಪಾರುಪತ್ಯಗಾರ ವಾರ್ನೇರಿಯೋ ಬಂದ, ನಾಲ್ಕು ಆಳುಗಳ ಜೊತೆ. ಪೀಪಾಯಿಗೆ ಕೊಡಲಿ. ಎರಡೇ ಏಟು. ಮದುಮಗಳ ಲಂಗ ಮೊಣಕಾಲವರೆಗೆ ಕೆಂಪು. ಮೊಹೋರ್ ನೆಲದಲ್ಲಿ ಕೂತು, ಹರಿಯುವುದನ್ನು ಅಂಗೈಯಿಂದ ತಡೆಯಲು ನೋಡುತ್ತಿದ್ದ.
ಮಾರಿದ್ದಲ್ಲ. ಬಡಿಸಿದ್ದು. ಅಷ್ಟೂ ತಿಳಿಯದೇ ವಾರ್ನೇರಿಯೋನಿಗೆ?
ನಾನು... ಬಾಯಿ ಬಿಡಲಿಲ್ಲ.

ನವೆಂಬರ್ ೧೯, ಸಂಜೆ
ವಾರ್ನೇರಿಯೋ ಮನೆಗೇ ಬಂದ. ಮೊಹೋರ್ ವೈನ್ ಮಾರಿದ್ದನ್ನು ಕಂಡೆ ಎಂದು ನಾನು ಬರೆದುಕೊಡಬೇಕಂತೆ. ಹಾಗಾದರೆ ತೋಟ ಮಠಕ್ಕೆ. ಬಿಸಿಲು ಬೀಳುವ ಆ ಇಳಿಜಾರಿನ ಮೇಲೆ ಅವನ ಕಣ್ಣು ಬಿದ್ದು ಎಷ್ಟು ವರ್ಷವಾಯಿತು! ನಿಮ್ಮ ಚರ್ಚು, ಮನೆ, ರೊಟ್ಟಿ ಎಲ್ಲ ಮಠದ್ದೇ ಅಲ್ಲವೇ ಎಂದ. ನಗುತ್ತಾ.
ಅರ್ಧ ಬರೆದೆ. ಥೂ.

ನವೆಂಬರ್ ೨೦
ಸ್ತಾನಾ ಬಂದಳು. ಒಳಗೆ ಬರಲಿಲ್ಲ. ಹೊಸಿಲಲ್ಲೇ ನಿಂತಳು.
"ಅಪ್ಪ ವೈನ್ ಮಾರಿದ ಅಂತ ಬರೀತಿದ್ದೀರಂತೆ, ಗುರುಗಳೇ."
ಅರ್ಧ ಬರೆದ ಹಾಳೆಯನ್ನು ಮಗುಚಿಟ್ಟೆ.
"ನೀವೂ ಮೂರು ಲೋಟ ಕುಡಿದ್ರಲ್ಲ. ಎಷ್ಟು ದುಡ್ಡು ಕೊಟ್ರಿ?"
ಉತ್ತರಕ್ಕೆ ಕಾಯದೆ ಹೋದಳು. ಹಾಳೆಯನ್ನು ಒಲೆಗೆ ಹಾಕಿದೆ.

ನವೆಂಬರ್ ೨೭
ಮಠದಲ್ಲಿ ವಿಚಾರಣೆ. ಊರೆಲ್ಲ ಹಿಂದೆ ನಿಂತಿತ್ತು. ಮಠಾಧಿಪತಿಗಳು ಕೇಳಿದಾಗ ಹೇಳಿಬಿಟ್ಟೆ: "ಮೂರು ಲೋಟ ಕುಡಿದೆ. ಕಾಸು ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಅದು ವ್ಯಾಪಾರ ಅನ್ನೋದಾದ್ರೆ ಕದ್ದು ಕುಡಿದವನು ನಾನು. ನನ್ನನ್ನ ಹಿಡೀರಿ."
ಹಿಂದೆ ಯಾರೋ ಕಿಸಕ್ಕೆಂದರು. ಮಠಾಧಿಪತಿಗಳು ನಗಲಿಲ್ಲ. ತೋಟ ಮೊಹೋರನಿಗೇ ಉಳಿಯಿತು. ಒಡೆದ ಪೀಪಾಯಿಯ ಬಗ್ಗೆ, ಒದ್ದೆ ಲಂಗದಲ್ಲಿ ಊಟಕ್ಕೆ ಕೂತ ಆ ಹುಡುಗಿಯ ಬಗ್ಗೆ ಒಂದು ಮಾತಿಲ್ಲ. ಇದು ನ್ಯಾಯ!

ಡಿಸೆಂಬರ್ ೧
ನನಗೆ ವರ್ಗ. ಸಮುದ್ರದಾಚೆ, ಕ್ರೆಸ್ ದ್ವೀಪಕ್ಕೆ. ಅಲ್ಲಿನ ಕುರುಬರಿಗೂ ಗುರು ಬೇಕಂತೆ — ಇಪ್ಪತ್ತು ವರ್ಷ ನೆನಪಾಗದ ಕುರುಬರು ಈಗ ನೆನಪಾದರು. ಗಾಡಿ ಬಾಗಿಲಲ್ಲಿದೆ. ಸ್ತಾನಾ ನನ್ನ ಗಂಟು ಹೊತ್ತು ತಂದು ಏರಿಸಿದಳು.
ವಾರ್ನೇರಿಯೋನ ಆಳು ಈ ಪುಸ್ತಕ ಕೇಳುತ್ತಿದ್ದಾನೆ. ಹಾಳೆ ಮಠದ್ದಂತೆ. ಬರೆದದ್ದು ನನ್ನದು, ಕೊಡುವುದಿಲ್ಲ ಎಂದೆ. ಕೈ ಚಾಚಿಕೊಂಡೇ ನಿಂತಿದ್ದಾನೆ. ನಿಂತಿರಲಿ. ಇನ್ನೂ ಬರೆಯುವುದಿದೆ. ಈ ವಾರ್ನೇರಿಯೋ ಎಂಬ ಮನುಷ್ಯ—