ಪಾಳು ಎಂದು ಬರೆದವರಿಗೆ

ಎರಡನೇ ಆರಿದ್ರೆಯ ನಲವತ್ತನೇ ದಿನ, ಕ್ರಿಸ್ತಶಕ ೨೨೩೧
ಬೋರನಗುಂಡಿ ಕಾವಲು

ನಮಗಿಂತ ಮೊದಲು ಬದುಕಿದವರೇ,

ಆರಿದ್ರೆ ಮಳೆಗೆ ನಲವತ್ತು ದಿನ ಎಲ್ಲಿಂದ ಬಂತು ಎಂದು ನೀವು ನಗಬಹುದು. ನಮ್ಮ ಕಾಲದಲ್ಲಿ ಆರಿದ್ರೆ ವರ್ಷಕ್ಕೆ ಎರಡು ಸಲ ಬರುತ್ತದೆ. ಮೊದಲನೆಯದು ಬರೀ ಗಾಳಿ. ಎರಡನೆಯದು ಸುರಿಯತೊಡಗಿದರೆ ದಿಣ್ಣೆಗಳೇ ಕರಗಿಹೋಗುತ್ತವೆ. ನನ್ನ ಬರಹದಲ್ಲಿ ನೀವು ಕೇಳರಿಯದ ಪದಗಳು ಬಂದರೆ ಮನ್ನಿಸಿ. ನಾನು ಮನ್ನಣೆ ಕೇಳುವುದು ಅದೊಂದಕ್ಕೆ ಮಾತ್ರ. ಉಳಿದದ್ದನ್ನೆಲ್ಲ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ಜುಂಜಮ್ಮ. ಕುರಿ ಮೇಯಿಸುವವರ ಮನೆಯವಳು. ನಿಮ್ಮ ಕಾಲದಲ್ಲಿ ಈ ಕಾವಲಿನ ತುಂಬ ಹುಲ್ಲಿತ್ತು. ಮರವಿಲ್ಲದ ನೆಲ ನಿಮ್ಮ ಕಣ್ಣಿಗೆ ಬೋಳಾಗಿ ಕಂಡಿತು, ಕಾಗದದಲ್ಲಿ ಅದನ್ನು ಪಾಳು ಎಂದು ಬರೆದಿರಿ. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ಬಂದಿರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಶಾಲೆಯ ಮಕ್ಕಳನ್ನು ಕರೆತಂದಿರಿ, ಟೋಪಿ ಹಾಕಿಕೊಂಡಿರಿ, ಸಸಿ ಹಿಡಿದು ಫೋಟೊ ತೆಗೆಸಿಕೊಂಡಿರಿ. ನೀಲಗಿರಿ ನೆಟ್ಟಿರಿ, ಅಕೇಶಿಯಾ ನೆಟ್ಟಿರಿ. ಗುಂಡಿ ತೋಡುವಾಗ ಏನನ್ನು ಅಗೆದು ಪಕ್ಕಕ್ಕೆ ಎಸೆಯುತ್ತಿದ್ದೇವೆಂದು ನಿಮ್ಮಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲ. ಮರಗಳು ಎತ್ತರವಾದವು, ನೆಲದಡಿಯ ನೀರನ್ನು ಹೀರಿದವು. ಉದುರಿದ ಎಲೆಗಳ ರಾಶಿಯ ಕೆಳಗೆ ಹುಲ್ಲು ಉಸಿರುಕಟ್ಟಿ ಸತ್ತಿತು. ನಮ್ಮ ಮುತ್ತಜ್ಜನ ಕಾಲಕ್ಕೆ ಆ ಮರಗಳೂ ಒಣಗಿ, ಒಂದು ಬೇಸಿಗೆಯಲ್ಲಿ ಹೊತ್ತಿ ಉರಿದವು. ಮುಂದಿನ ಮಳೆಗೆ ಕೆಂಪು ಮಣ್ಣೆಲ್ಲ ಹೋಗಿ ಕೆರೆ ಸೇರಿತು. ಅದನ್ನು ಹಿಡಿದುಕೊಳ್ಳಲು ಬೇರುಗಳೇ ಇರಲಿಲ್ಲ.

ನಾವು ಬೆಳಗ್ಗೆ ಎದ್ದಕೂಡಲೇ ಧೂಳುಸೆರಗು ಕಟ್ಟಿಕೊಳ್ಳುತ್ತೇವೆ. ಮೂಗು ಬಾಯಿ ಮುಚ್ಚುವ ಒದ್ದೆ ಬಟ್ಟೆ ಅದು. ಮುದ್ದೆ ತಿರುವುವಾಗಲೂ ಬಿಚ್ಚುವುದಿಲ್ಲ. ಹಟ್ಟಿಯ ಕುರಿಗಳಿಗೆ ತೊಟ್ಟಿಹುಲ್ಲು ಹಾಕುತ್ತೇವೆ, ಎಂದರೆ ಶೆಡ್ಡಿನೊಳಗೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಒಂದೇ ಜಾತಿಯ ಹುಲ್ಲು. ನೋಡಲು ಹಸಿರು, ಹೊಟ್ಟೆಯೂ ತುಂಬುತ್ತದೆ. ಆದರೆ ವರ್ಷವಿಡೀ ಅದನ್ನೇ ತಿಂದ ಕುರಿ ಮರಿ ಹಾಕಿದರೆ ಮರಿ ಎದ್ದು ನಿಲ್ಲುವುದಿಲ್ಲ, ತಾಯಿಯ ಕೆಚ್ಚಲಿನಲ್ಲಿ ಹಾಲಿರುವುದಿಲ್ಲ. ಒಂದೊಂದು ಚಳಿಗಾಲದಲ್ಲಿ ನಾವು ಸತ್ತ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ಹಳ್ಳಕ್ಕೆ ಹಾಕಿ ಬಂದಿದ್ದೇವೆ.

ಕಾವಲಿನ ಪಡುವಣ ಅಂಚಿನಲ್ಲಿ, ಬಂಡೆಗಳ ನಡುವೆ, ಒಂದು ಇಳಿಜಾರಿತ್ತು. ನಿಮ್ಮ ಗುಂಡಿ ತೋಡುವ ಯಂತ್ರ ಅಲ್ಲಿಗೆ ಹತ್ತಲಾರದೆ ಹೋಯಿತು. ಅಷ್ಟೇ ಕಾರಣಕ್ಕೆ ಅದು ಉಳಿಯಿತು. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ವರ್ಷ, ನಮ್ಮ ಸೋದರತ್ತೆ ಚಿತ್ತಕ್ಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮಂದೆಯ ಹಿರಿಯಳು ಅವಳೇ. ಜೊತೆಯಲ್ಲಿ ಗಬ್ಬದ ಕುರಿಯೊಂದನ್ನೂ ಹೊಡೆದುಕೊಂಡು ಬಂದಿದ್ದಳು.

"ಕುಂತ್ಕ ಜುಂಜಿ," ಅಂದಳು. "ನಿಂತು ನೋಡಿದ್ರೆ ಬರೀ ಹುಲ್ಲು ಕಾಣ್ತದೆ."

ಕುಳಿತೆ. ಸೊಂಟದೆತ್ತರದ ಕರಡದ ಹುಲ್ಲು. ಅದರ ಬುಡದಲ್ಲಿ ಹಂಚಿಹುಲ್ಲು. ಹಂಚಿಯ ಸಂದಿಯಲ್ಲಿ ವಿಷ್ಣುಕ್ರಾಂತಿಯ ನೀಲಿ, ಅದರ ಪಕ್ಕದಲ್ಲೇ ನೆಲಕ್ಕೆ ಅಂಟಿಕೊಂಡ ನೆಲನೆಲ್ಲಿ, ಬಂಡೆಗೆ ಒರಗಿ ಹೊತ್ತಿಕೊಂಡಂತೆ ಅರಳಿದ ಗೌರಿಹೂ. ನನ್ನ ಎರಡು ಅಂಗೈ ಊರುವಷ್ಟು ಜಾಗದಲ್ಲೇ ನಾನು ಕಂಡರಿಯದ ಎಲೆಗಳು ಎಷ್ಟೋ ಇದ್ದವು. ಹಳದಿ ಹೂವಿನ ಒಂದು ಬಳ್ಳಿಯ ಹೆಸರು ಯಾರಿಗೂ ನೆನಪಿರಲಿಲ್ಲ. ಅದನ್ನು ಮೇಯ್ದ ಕುರಿಗೆ ಹಾಲಿಳಿಯುತ್ತದೆಂದು ಅತ್ತೆ ತಾನೇ ಅದಕ್ಕೆ ತಾಯಿಬಳ್ಳಿ ಎಂದು ಹೆಸರಿಟ್ಟಿದ್ದಳು. ಆ ಕುರಿ ಅಲ್ಲೇ ಕೆಲವು ವಾರ ಮೇಯ್ದು ಮರಿ ಹಾಕಿತು. ಮರಿ ತಡವರಿಸಿ, ಬಿದ್ದು, ಮತ್ತೆ ಎದ್ದು ನಿಂತಿತು. ತಾನಾಗಿಯೇ ಎದ್ದು ನಿಂತ ಮರಿಯನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆಯ ಭುಜ ಹಿಡಿದುಕೊಂಡು ಅತ್ತುಬಿಟ್ಟೆ.

ಅಲ್ಲಿಂದ ಮುಂದಿನ ಹಲವು ವರ್ಷ ನಾವಿಬ್ಬರೂ ಆ ಇಳಿಜಾರನ್ನು ಕೆಳಗಿನ ಕಾವಲಿಗೆ ಇಳಿಸಲು ಹೆಣಗಿದೆವು. ಬೀಜ ಆಯ್ದು ಬಿತ್ತಿದೆವು. ಹೆಂಟೆ ಸಮೇತ ಕಿತ್ತು ತಂದು ನೆಟ್ಟೆವು, ಕುಡಿಯುವ ನೀರಿನಲ್ಲಿ ಪಾಲು ಕೊಟ್ಟೆವು. ಒಂದು ಮಳೆಗಾಲ ಕರಡದ ಹುಲ್ಲು ಗರಿ ಬಿಟ್ಟಾಗ ನಾನು ಕುಣಿದಾಡಿಬಿಟ್ಟೆ.

"ಅತ್ತೆ, ಬಂತು ನೋಡು! ಕಾವಲು ಬಂತು!"

"ಬಂದಿರಾದು ಒಂದೇ ಕಣೆ," ಅಂದಳು ಅವಳು. "ಮಿಕ್ಕಿದ್ದೆಲ್ಲಿ? ನೆಲನೆಲ್ಲಿ ಎಲ್ಲಿ, ತಾಯಿಬಳ್ಳಿ ಎಲ್ಲಿ?"

ನಾವು ನೆಟ್ಟ ತಾಯಿಬಳ್ಳಿಗಳು ಒಂದೂ ಬಿಡದೆ ಸತ್ತಿದ್ದವು. ಏಕೆಂದು ತಿಳಿಯಲು ಇಳಿಜಾರಿನಲ್ಲಿ ಒಂದು ಬಳ್ಳಿಯ ಬುಡವನ್ನು ಕೆದಕಿ ನೋಡಿದೆವು. ಮೇಲೆ ದಾರದಂತಿದ್ದ ಬಳ್ಳಿಗೆ ಕೆಳಗೆ ತೋಳಿನ ಗಾತ್ರದ ಬೇರು. ಅದು ಬಂಡೆಯ ಬಿರುಕಿನಲ್ಲಿ ನಮ್ಮ ಕೈಗೆಟುಕದಷ್ಟು ಆಳಕ್ಕೆ ಇಳಿದಿತ್ತು.

"ಇದು ನಮ್ಮಜ್ಜಿಗಿಂತ ಹಿರೇದು," ಎಂದು ಅತ್ತೆ ಮೆಲ್ಲಗೆ ಮಣ್ಣು ಮುಚ್ಚಿದಳು. "ಇದುನ್ನ ಕಿತ್ತು ಊರ್ತೀವಿ ಅಂತ ಹೊಂಟಿದ್ವಲ್ಲ ನಾವು."

ಹುಲ್ಲುಗಾವಲೆಂದರೆ ಇಂದು ಕೆಡವಿ ನಾಳೆ ಬಿತ್ತಿಕೊಳ್ಳುವ ವಸ್ತು ಎಂದು ನೀವು ತಿಳಿದಿರಿ. ಕಾಡು ಕಡಿದರೆ ಕಣ್ಣೀರು ಹಾಕಿದಿರಿ. ನೆಲದಡಿಯಲ್ಲಿ ಬೆಳೆದಿದ್ದ ಈ ಕಾಡನ್ನು ಸಮಾರಂಭ ಮಾಡಿ ಕೊಂದಿರಿ, ಲಾಡು ಹಂಚಿದಿರಿ.

ಆಮೇಲಿನ ವರ್ಷ ನೆರಳು ಮಂಡಳಿಯವರು ಬಂದರು. ಯಾವ ಊರಿನಲ್ಲಿ ಎಷ್ಟು ನೆರಳಿದೆ ಎಂದು ಅಳೆದು, ಕಡಿಮೆಯಿದ್ದಲ್ಲಿ ಮರ ನೆಡುವ ಕಚೇರಿ ಅದು. ಬಂಡೆ ಹತ್ತಬಲ್ಲ ಯಂತ್ರಗಳು ಈಗ ಬಂದಿವೆ. ಅಧಿಕಾರಿ ನಿರಂಜನಮೂರ್ತಿ ಕೆಟ್ಟವನಲ್ಲ, ದಡ್ಡನೂ ಅಲ್ಲ. ಇಳಿಜಾರನ್ನು ನೋಡಿ ಅವನ ಮುಖ ಸಣ್ಣಗಾಯಿತು.

"ಇಲ್ಲಿ ಏನಿದೆ ಅಂತ ನನಗೆ ಗೊತ್ತಾಗುತ್ತಮ್ಮ," ಅಂದ. "ಆದರೆ ದಾಖಲೆಯಲ್ಲಿ ಇದು ಪಾಳು. ಹಳೇ ಸರ್ಕಾರದ ಕಾಲದಿಂದ ಹಾಗೇ ಬಂದಿದೆ. ಪಾಳು ಅಂದರೆ ಮರ ನೆಡಲೇಬೇಕು."

"ಹಂಗಾರೆ ಆ ಮಾತು ತೆಗೀರಿ ಸ್ವಾಮಿ," ಅಂದಳು ಅತ್ತೆ.

"ಮೇಲಕ್ಕೆ ಎರಡು ಸಲ ಬರೆದೆ. ತೆಗೆದರೆ ಅಲ್ಲಿ ಏನಂತ ಬರೀಬೇಕು ಅಂತ ಕೇಳ್ತಾರೆ. ಕಾನೂನಿನಲ್ಲಿ ಹುಲ್ಲಿಗೆ ಅಂತ ಒಂದು ಹೆಸರಿಲ್ಲ."

ನೀವು ಇಡದೆ ಹೋದ ಹೆಸರದು. ನೀವು ಬರೆದ ಒಂದು ಪದ ನಿಮ್ಮ ಮರಗಳಿಗಿಂತ ಹೆಚ್ಚು ಕಾಲ ಬದುಕಿತು.

ಯಂತ್ರ ಹತ್ತಿದ ದಿನ ಚಿತ್ತಕ್ಕ ಅದರ ಎದುರು ಮಲಗಿದಳು. ಪೊಲೀಸರು ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿದರು. ಮತ್ತೆ ಹೋದಳು. ಮೂರನೆಯ ಸಲ ಎಳೆದಾಡುವಾಗ ಬಂಡೆಗೆ ಬಿದ್ದು ಸೊಂಟ ಮುರಿಯಿತು. ಅವಳು ನೋಡುತ್ತಿದ್ದಂತೆಯೇ ಇಳಿಜಾರಿನ ತುಂಬ ಸಾಲಾಗಿ ಗುಂಡಿ ತೋಡಿದರು. ಕತ್ತರಿಸಿದ ಬೇರುಗಳಿಂದ ಹಾಲು ಸೋರಿ ಬಂಡೆಯ ಮೇಲೆ ಹೆಪ್ಪುಗಟ್ಟಿತು.

ಆ ವಾರವೇ ನಾನು ಮತ್ತು ನಮ್ಮ ಹಟ್ಟಿಯ ಹೆಂಗಸರು ಹಾಡುಹಗಲಲ್ಲಿ ಹೋಗಿ ಸಸಿಗಳನ್ನೆಲ್ಲ ಕಿತ್ತೆವು. ಮರ ಕೊಂದವರೆಂದು ನಮಗೆ ಎರಡು ವರ್ಷ ಜೈಲಾಯಿತು. ಮರ ಕೊಂದವರು! ನ್ಯಾಯಾಲಯದಲ್ಲಿ ಆ ಮಾತು ಕೇಳಿ ನಾನು ನಕ್ಕುಬಿಟ್ಟೆ, ಅದಕ್ಕೂ ಶಿಕ್ಷೆ ಹೆಚ್ಚಿತು. ನಮ್ಮ ಮನೆಯ ಮಂದೆಯನ್ನು ಮಾರಿದರೆಂದು, ಅತ್ತೆ ಹಾಸಿಗೆಯಲ್ಲೇ ತೀರಿಕೊಂಡಳೆಂದು ಒಳಗಿದ್ದಾಗಲೇ ತಿಳಿಯಿತು.

ಬಿಡುಗಡೆಯಾದ ದಿನ ಮನೆಗೆ ಹೋಗದೆ ನೇರ ಇಳಿಜಾರಿಗೆ ಹೋದೆ. ಅಗೆದ ಮಣ್ಣಿನಲ್ಲಿ ಲಂಟಾನ ಎದೆಮಟ್ಟ ಬೆಳೆದಿತ್ತು. ಹಟ್ಟಿಯವರಿಂದ ಕುಡುಗೋಲು ಇಸಿದುಕೊಂಡು ದಾರಿ ಮಾಡಿ ಒಳಹೊಕ್ಕೆ. ಎರಡು ಬಂಡೆಗಳ ನಡುವೆ, ಯಂತ್ರದ ಬಾಯಿ ಹೋಗದ ಕಡೆ, ಒಂದು ಚಾಪೆ ಹಾಸುವಷ್ಟು ಹುಲ್ಲು ಉಳಿದಿತ್ತು. ಕರಡ ಇತ್ತು, ಹಂಚಿ ಇತ್ತು, ವಿಷ್ಣುಕ್ರಾಂತಿ ಒಂದೆರಡು ಹೂ ಬಿಟ್ಟಿತ್ತು. ಹಳದಿ ಹೂವಿಗಾಗಿ ಅಂದು ಹುಡುಕಿದೆ, ಮರುವರ್ಷ ಹುಡುಕಿದೆ, ಈ ವರ್ಷವೂ ಹುಡುಕಿದೆ. ಇಲ್ಲ. ಈಗ ನಾವು ಸರದಿಯ ಮೇಲೆ ಆ ಚಾಪೆಯಷ್ಟು ಜಾಗದ ಸುತ್ತ ಲಂಟಾನ ಕಡಿಯುತ್ತೇವೆ. ಅಂಗೈ ಬೊಬ್ಬೆ ಬಂದು ಒಡೆಯುತ್ತದೆ. ವರ್ಷಕ್ಕೆ ಅದು ಒಂದು ಗೇಣು ಅಗಲವಾದರೆ ಹಬ್ಬ ಮಾಡುತ್ತೇವೆ.

ನಿಮ್ಮ ಕಾಲದಲ್ಲಿ ಎಷ್ಟೋ ಕಾವಲುಗಳು ಇನ್ನೂ ಬದುಕಿವೆ. ಅಲ್ಲಿ ಆ ಹಳದಿ ಹೂ ಇರಬೇಕು, ಅದಕ್ಕೊಂದು ಹೆಸರೂ ಇರಬೇಕು. ಈ ಮಳೆಗಾಲ ಸಸಿ ತುಂಬಿದ ಲಾರಿ ಅಲ್ಲಿಗೆ ಹೊರಟರೆ ದಾರಿಗೆ ಅಡ್ಡ ನಿಲ್ಲಿ. ಮರ ಬೇಕಾದಲ್ಲಿ ಮರ ನೆಡಿ, ಕಡಿದ ಕಾಡಿನಲ್ಲಿ ನೆಡಿ, ನಿಮ್ಮ ಬೀದಿಯಲ್ಲಿ ನೆಡಿ, ಬೇಡವೆಂದವರಾರು? ಹುಲ್ಲಿನ ನೆಲವನ್ನು ಹುಲ್ಲಿಗೆ ಬಿಡಿ. ಕುರಿ ಮೇಯಿಸುವವರನ್ನು ಅಲ್ಲಿಂದ ಓಡಿಸಬೇಡಿ.

ಗೊತ್ತಿರಲಿಲ್ಲ ಎನ್ನುವ ಮಾತು ಇನ್ನು ನಡೆಯುವುದಿಲ್ಲ. ನಾನು ಹೇಳಿದ್ದೇನೆ, ನೀವು ಓದಿದ್ದೀರಿ. ಇದಾದ ಮೇಲೂ ಸುಮ್ಮನೆ ಕುಳಿತರೆ, ವೇದಿಕೆ ಹತ್ತಿ "ನಮ್ಮ ಮುಂದಿನ ಪೀಳಿಗೆಗಾಗಿ" ಎಂದು ಮಾತ್ರ ಹೇಳಬೇಡಿ. ನಾವು ನಿಮ್ಮವರಲ್ಲ.

ಜುಂಜಮ್ಮ