ಸೊಲ್ಲು ಸಿಗದ ಹುಡುಗಿ

ಗದಗ, ಅಂಕ ಬಿಟ್ಟ ನೂರ ಹತ್ತನೆಯ ವರ್ಷ, ಎರಡನೆಯ ಬೇಸಿಗೆ

ಅಂಕಗಳ ಕಾಲದ ಹಿರಿಯರೇ,

ಇಂದು ಬೆಳಿಗ್ಗೆ ಒಬ್ಬ ಹುಡುಗಿ ಬೇವಿನ ಮರದ ಕೆಳಗೆ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದಳು. ಒಂದೊಂದನ್ನೂ ಕೈಯಿಂದ ಒತ್ತಿ ನೋಡಿದಳು. ಕಾಲು ಅಲ್ಲಾಡುವ ಕುರ್ಚಿ ಸಿಕ್ಕಾಗ ಅದನ್ನು ತನ್ನ ಜಾಗಕ್ಕೆ ಎಳೆದುಕೊಂಡಳು. ನನ್ನ ಹೊರತು ಯಾರೂ ಅದನ್ನು ನೋಡಲಿಲ್ಲ.

ವರ್ಷಕ್ಕೆ ಎರಡು ಬೇಸಿಗೆ ಬರುವ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮಲ್ಲಿ ಯಾರೋ, ಪರೀಕ್ಷೆಯ ಅಂಕ ಕೊಡದೆಯೂ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು ಎಂದರಂತೆ. ಮಕ್ಕಳು ಹಗುರಾದರಂತೆ. ಆಮೇಲೆ ಅಂಕಗಳೇ ಇಲ್ಲವಾದವು. ಈಗ ನಮ್ಮಲ್ಲಿ ಸೊಲ್ಲುಸಭೆ ನಡೆಯುತ್ತದೆ. ಮುಂದೆ ಓದಲು ಬಯಸುವ ಮಗುವಿನ ಓಣಿಯಲ್ಲಿ ಜನ ಸೇರಿ, ಆ ಮಗುವಿನ ಬಗ್ಗೆ ತಾವು ಬಲ್ಲದ್ದನ್ನು ಹೇಳುತ್ತಾರೆ. ವಿಶ್ವವಿದ್ಯಾಲಯ ಕಳಿಸಿದ ಒಬ್ಬರು ನೀಲಿ ಶಾಲು ಹೊದ್ದು ಕೇಳಿಸಿಕೊಳ್ಳುತ್ತಾರೆ. ನಾನೂ ಅಂಥವಳೊಬ್ಬಳು; ನಮ್ಮನ್ನು ಕಿವಿಯವರು ಎನ್ನುತ್ತಾರೆ. ಹೆತ್ತವರು ಮತ್ತು ಕಿವಿಯವರ ಹೊರತು ಯಾರು ಬೇಕಾದರೂ ಮಾತಾಡಬಹುದು. ಸಾಹಿತ್ಯ ಓದಿ ಮುಗಿಸಿದ, ಮಾತು ಕಡಿಮೆಯ ನನಗೆ ಇದು ಹೇಳಿ ಮಾಡಿಸಿದ ಕೆಲಸವೆಂದುಕೊಂಡಿದ್ದೆ.

ಇಂದಿನ ಸಭೆಯಲ್ಲಿ ಮೊದಲು ಕೂತ ಹುಡುಗನಿಗೆ ಸೋದರಮಾವಂದಿರೇ ಐವರು. ನೀರಿನ ತೊಟ್ಟಿಗೆ ಬಿದ್ದ ನಾಯಿಮರಿಯನ್ನು ಅವನು ಎತ್ತಿದ ಕತೆ ಬಾಯಿಂದ ಬಾಯಿಗೆ ಬೆಳೆದು, ಕೊನೆಯ ಮಾವ ಹೇಳುವ ಹೊತ್ತಿಗೆ ಅದು ಎಮ್ಮೆಕರುವಾಗಿತ್ತು.

ಆಮೇಲೆ ನೀಲಗಂಗಾ, ಕುರ್ಚಿ ಇಟ್ಟ ಹುಡುಗಿ. ತಾಯಿಯೊಂದಿಗೆ ಈ ಓಣಿಗೆ ಬಂದು ಇನ್ನೂ ವರ್ಷವಾಗಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು.

“ಚಲೋ ಹುಡುಗಿ ಇರಬೇಕ್ರಿ,” ಎಂದಳು ಎದುರುಮನೆಯ ಸಂಗವ್ವ. “ಬಾಯಿ ಬಿಟ್ಟಿದ್ದು ಮಾತ್ರ ನಾ ಕಂಡಿಲ್ಲ.”

“ಹಲ್ಲು ಅದಾವೋ ಇಲ್ಲೋ, ಯಾರಿಗೆ ಗೊತ್ತು!” ಎಂದ ಮಾವಂದಿರಲ್ಲೊಬ್ಬ.

ಎಲ್ಲರೂ ನಕ್ಕರು. ತುಟಿ ಬಿಚ್ಚದೆ ಅವಳೂ ನಕ್ಕಳು.

ಹೀಗೆ ಯಾರ ಸೊಲ್ಲೂ ಸಿಗದವರಿಗೆ ನಾಳೆ ಇನ್ನೊಂದು ಸಭೆ, ಅದೇ ಕೊನೆಯದು. ಕುರ್ಚಿಗಳನ್ನು ಒಳಗಿಡುವಾಗ ಅವಳು ನನ್ನ ಬಳಿ ನಿಂತಳು. “ಅಕ್ಕಾರ, ಮೊದಲೆಲ್ಲಾ ಬರೇ ಪರೀಕ್ಷೆ ಬರದ್ರ ಆಗ್ತಿತ್ತಂತ, ಖರೇ ಏನ್ರಿ? ಮಂದೀನ್ನ ಕೇಳ್ತಿದ್ದಿಲ್ಲಂತ?”

ನಾನು ಹೌದೆಂದು ತಲೆಯಾಡಿಸಿದೆ.

“ಎಷ್ಟು ಚಲೋ ಇತ್ತಲ್ರಿ,” ಎಂದು ಕುರ್ಚಿ ಹೊತ್ತು ಹೋದಳು.

ಅಂಕಗಳನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅವು ಎಷ್ಟು ಮಕ್ಕಳ ನಿದ್ದೆ ಕೆಡಿಸಿದವೆಂದು ಓದಿದ್ದೇನೆ. ಆದರೆ ಆ ಪ್ರಶ್ನೆಪತ್ರಿಕೆ, ನೀನು ಯಾರ ಮಗಳು, ನಿನಗೆ ಎಷ್ಟು ಜನ ಮಾವಂದಿರು ಎಂದು ಕೇಳುತ್ತಿರಲಿಲ್ಲ. ಅದನ್ನು ಬಿಡುವಾಗ, ಪರವಾಗಿ ಮಾತಾಡಲು ಯಾರೂ ಇಲ್ಲದವರ ಗತಿಯೇನೆಂದು ಒಮ್ಮೆ ಯೋಚಿಸಿ. ನಾವು ಯೋಚಿಸಲಿಲ್ಲ. ನನಗೆ ಸೀಟು ಸಿಕ್ಕಿದ್ದೂ ಅಜ್ಜಿಯ ಬಾಯಿಯ ಜೋರಿನಿಂದಲೇ.

ನೀಲಿ ಶಾಲನ್ನು ಒಗೆದು ಮಡಚಿದ್ದೇನೆ. ಸಂಜೆಯೊಳಗೆ ಕಚೇರಿಗೆ ಒಪ್ಪಿಸಿ, ಕಿವಿಯ ಕೆಲಸ ಬಿಟ್ಟು ಬರುತ್ತೇನೆ. ನಾಳೆ ಕೇಳಲು ಬೇರೆಯವರನ್ನು ಕಳಿಸುತ್ತಾರೆ. ನಾನು ಓಣಿಯವರ ಸಾಲಿನಲ್ಲಿ ಕೂರುತ್ತೇನೆ. ಹೇಳಲು ನನ್ನ ಬಳಿ ಇರುವುದು ಒಂದು ಕುರ್ಚಿಯ ವಿಷಯ ಮಾತ್ರ. ನಾನೂ ಮಾತು ಕಡಿಮೆಯವಳೇ. ಆದರೂ ಹೇಳುತ್ತೇನೆ.